ಪುರಾಣಕಥೆಗಳ ಒಳಗಿನ ಅರ್ಥ: ಕುಂಬಳೆ ಸೀಮೆಯಿಂದ ಒಂದು ನೋಟ

ಪುರಾಣದ ಕಥೆಗಳಿಗೆ ಹೊರಗಿನ ಅರ್ಥವೊಂದು, ಒಳಗಿನ ಅರ್ಥವೊಂದು ಎಂಬ ಮಾತು ನಮ್ಮಲ್ಲಿ ಎಷ್ಟು ಸಾಮಾನ್ಯವಾಗಿದೆಯೆಂದರೆ, ಅದನ್ನು ಯಾರು ಹೇಳಿದರು, ಯಾಕಾಗಿ ಹೇಳಿದರು ಎಂದು ಕೇಳುವ ಗೋಜಿಗೆ ಯಾರೂ ಹೋಗುವುದಿಲ್ಲ. ಗಣಪತಿಯ ದೊಡ್ಡ ಕಿವಿ ಹೆಚ್ಚು ಕೇಳುವುದಕ್ಕಂತೆ, ಕಾಣದಷ್ಟು ಸಣ್ಣ ಬಾಯಿ ಕಡಿಮೆ ಮಾತಾಡುವುದಕ್ಕಂತೆ. ರಾವಣನ ಹತ್ತು ತಲೆ ಹತ್ತು ಇಂದ್ರಿಯಗಳಂತೆ. ಜಾತ್ರೆಯ ಕರಪತ್ರಗಳಲ್ಲಿ, ಧಾರ್ಮಿಕ ಸಭೆಗಳ ಭಾಷಣಗಳಲ್ಲಿ ಇಂತಹ ಪಟ್ಟಿಗಳು ಧಾರಾಳವಾಗಿ ಸಿಗುತ್ತವೆ. ಕೇಳುವಾಗ ಚೆನ್ನಾಗಿಯೇ ಇರುತ್ತವೆ. ಮನೆಗೆ ಬಂದು ಕಾಲು ತೊಳೆಯುವಷ್ಟರಲ್ಲಿ ಮರೆತುಹೋಗುತ್ತವೆ. ಆದರೆ ಈ ಪದ್ಧತಿಗೆ ದೊಡ್ಡದೊಂದು ಚರಿತ್ರೆಯಿದೆ. ಆ ಚರಿತ್ರೆಯ ಒಂದು ಮುಖ್ಯ ಎಳೆ ನಮ್ಮ ಕುಂಬಳೆ ಸೀಮೆಯನ್ನು ಹಾದುಹೋಗಿದೆ ಎಂಬುದು ನಮ್ಮ ಮಕ್ಕಳಿಗೆ ಹೋಗಲಿ, ನಮ್ಮಲ್ಲಿಯೇ ಹಲವರಿಗೆ ಗೊತ್ತಿಲ್ಲ.

ಕಥೆಗೆ ಬೇರೊಂದು ಅರ್ಥವನ್ನು ಹೇಳಿದವರಲ್ಲಿ ನನಗೆ ಎರಡು ಬಗೆಯವರು ಕಾಣುತ್ತಾರೆ. ಒಬ್ಬರು ವಕೀಲರ ಹಾಗೆ, ಇನ್ನೊಬ್ಬರು ವೈದ್ಯರ ಹಾಗೆ. ಕಥೆಯಲ್ಲಿ ಏನೋ ಇರಸುಮುರಸಾದಾಗ ಅದನ್ನು ಪಾರುಮಾಡುವುದಕ್ಕಾಗಿ ಅರ್ಥ ಹೇಳುವವನು ವಕೀಲ. ಕಥೆಯನ್ನು ಕೇಳುವವನ ಒಳಗಿನ ರೋಗಕ್ಕೆ ಅದನ್ನು ಮದ್ದಾಗಿ ಅರೆದುಕೊಡುವವನು ವೈದ್ಯ. ಇಬ್ಬರೂ ನಮ್ಮ ಪರಂಪರೆಯಲ್ಲಿ ಬಹಳ ಹಿಂದಿನಿಂದ ಇದ್ದಾರೆ. ಇಬ್ಬರ ಭಾಷೆ ಕೆಲವೊಮ್ಮೆ ಒಂದೇ ರೀತಿ ಇರುವುದರಿಂದ ಗುರುತು ಹಿಡಿಯುವುದು ಕಷ್ಟ, ಅಷ್ಟೆ.

ವಕೀಲರ ಉದಾಹರಣೆಗೆ ಹೆಚ್ಚು ಹುಡುಕಬೇಕಾಗಿಲ್ಲ. ಮೀಮಾಂಸಕರಲ್ಲಿ ಅಗ್ರಗಣ್ಯನಾದ ಕುಮಾರಿಲ ಭಟ್ಟನು ತನ್ನ ತಂತ್ರವಾರ್ತಿಕದಲ್ಲಿ ಇಂದ್ರ-ಅಹಲ್ಯೆಯರ ಪ್ರಸಂಗವನ್ನು ಎತ್ತಿಕೊಳ್ಳುತ್ತಾನೆ. ದೇವತೆಗಳೇ ಹೀಗೆ ನಡೆದರೆ ಶಿಷ್ಟಾಚಾರಕ್ಕೆ ಪ್ರಮಾಣವೆಲ್ಲಿ ಎಂಬ ಆಕ್ಷೇಪಕ್ಕೆ ಅವನ ಉತ್ತರವಿದು: ಇಂದ್ರನೆಂದರೆ ಸೂರ್ಯ, ಅಹಲ್ಯೆಯೆಂದರೆ ಹಗಲಿನಲ್ಲಿ ಲಯವಾಗುವ ರಾತ್ರಿ, ಸೂರ್ಯ ಬಂದಾಗ ರಾತ್ರಿ ಜೀರ್ಣವಾಗುವುದೇ ಈ ಕಥೆ. ಜಾಣತನದ ಉತ್ತರ, ಸಂದೇಹವಿಲ್ಲ. ಆದರೆ ಅದನ್ನು ಕೇಳಿದ ಮೇಲೆ ನಾನು ನಾಳೆ ಬೆಳಿಗ್ಗೆ ಎದ್ದು ಏನು ಮಾಡಬೇಕು? ಏನೂ ಇಲ್ಲ. ಇಂದ್ರ ಖುಲಾಸೆಯಾದ, ಅಹಲ್ಯೆ ಕಲ್ಲಾಗಿದ್ದಳು ಎಂಬುದೂ ಹೋಯಿತು, ಅವಳ ದುಃಖವೂ ಹೋಯಿತು. ಅದಕ್ಕೂ ಬಹಳ ಹಿಂದೆ ಯಾಸ್ಕನು ನಿರುಕ್ತದಲ್ಲಿ ವೃತ್ರನ ವಿಚಾರ ಬಂದಾಗ, ನೈರುಕ್ತರು ವೃತ್ರನನ್ನು ಮೋಡವೆನ್ನುತ್ತಾರೆ, ಐತಿಹಾಸಿಕರು ತ್ವಷ್ಟೃವಿನ ಮಗನಾದ ಅಸುರನೆನ್ನುತ್ತಾರೆ ಎಂದು ಎರಡೂ ಪಕ್ಷಗಳನ್ನು ಹೇಳಿದ್ದಾನೆ. ಜಗಳ ಅಷ್ಟು ಹಳೆಯದು.

ವೈದ್ಯರ ದಾರಿ ಬೇರೆ. ಅದರ ಮೂಲ ಉಪನಿಷತ್ತುಗಳಲ್ಲಿದೆ. ಛಾಂದೋಗ್ಯ ಮತ್ತು ಬೃಹದಾರಣ್ಯಕಗಳೆರಡರಲ್ಲಿಯೂ ದೇವಾಸುರರ ಒಂದು ಕಥೆ ಬರುತ್ತದೆ. ಅಸುರರನ್ನು ಗೆಲ್ಲುವುದಕ್ಕಾಗಿ ದೇವತೆಗಳು ಉದ್ಗೀಥವನ್ನು, ಎಂದರೆ ಸಾಮಗಾನದ ಒಂದು ಭಾಗವನ್ನು, ಆಶ್ರಯಿಸುತ್ತಾರೆ. ಹಾಡುವ ಕೆಲಸವನ್ನು ಮಾತಿಗೆ ಒಪ್ಪಿಸುತ್ತಾರೆ. ಅಸುರರು ಮಾತನ್ನು ಪಾಪದಿಂದ ಚುಚ್ಚುತ್ತಾರೆ. ಆದ್ದರಿಂದಲೇ ನಾವು ಸತ್ಯವನ್ನೂ ಆಡುತ್ತೇವೆ, ಸುಳ್ಳನ್ನೂ ಆಡುತ್ತೇವೆ. ಕಣ್ಣಿಗೆ ಒಪ್ಪಿಸುತ್ತಾರೆ, ಕಿವಿಗೆ ಒಪ್ಪಿಸುತ್ತಾರೆ, ಮನಸ್ಸಿಗೆ ಒಪ್ಪಿಸುತ್ತಾರೆ, ಎಲ್ಲವೂ ಚುಚ್ಚಿಸಿಕೊಳ್ಳುತ್ತವೆ. ಬೃಹದಾರಣ್ಯಕವು ಇದಕ್ಕೆ ಕಾರಣವನ್ನೂ ಕೊಡುತ್ತದೆ: ಒಂದೊಂದು ಇಂದ್ರಿಯವೂ ಭೋಗವನ್ನು ಇತರರಿಗಾಗಿ ಹಾಡಿತು, ಒಳ್ಳೆಯ ಭಾಗವನ್ನು ಮಾತ್ರ ತನಗಾಗಿ ಇಟ್ಟುಕೊಂಡಿತು. ಅಸುರರಿಗೆ ಒಳಗೆ ನುಗ್ಗಲು ದಾರಿಯಾದದ್ದು ಆ ಸಂದಿಯೇ. ಕೊನೆಗೆ ಮುಖ್ಯಪ್ರಾಣ ಹಾಡಿದಾಗ ಮಾತ್ರ, ಬಂಡೆಗೆ ಹೊಡೆದ ಮಣ್ಣಿನ ಹೆಂಟೆಯಂತೆ ಅಸುರರೇ ಪುಡಿಯಾದರು. ಉಸಿರು ತನಗಾಗಿ ಏನನ್ನೂ ಇಟ್ಟುಕೊಳ್ಳುವುದಿಲ್ಲ. ತಿಂದದ್ದೆಲ್ಲ ಉಳಿದ ಇಂದ್ರಿಯಗಳಿಗೆ ಹೋಗುತ್ತದೆ. ಶಂಕರಾಚಾರ್ಯರು ಛಾಂದೋಗ್ಯ ಭಾಷ್ಯದಲ್ಲಿ ಇಲ್ಲಿನ ದೇವತೆಗಳೆಂದರೆ ಶಾಸ್ತ್ರದಿಂದ ಬೆಳಗಿದ ಇಂದ್ರಿಯವೃತ್ತಿಗಳು, ಅಸುರರೆಂದರೆ ಸ್ವಭಾವದಿಂದ ಕತ್ತಲಿನ ಕಡೆಗೆ ಹರಿಯುವ ಅದೇ ಇಂದ್ರಿಯವೃತ್ತಿಗಳು, ಈ ಯುದ್ಧ ಅನಾದಿಯಿಂದ ಪ್ರತಿಯೊಂದು ದೇಹದಲ್ಲಿಯೂ ನಡೆಯುತ್ತಿದೆ ಎಂದು ಬಿಡಿಸಿ ಹೇಳಿದ್ದಾರೆ. ಇದರಲ್ಲಿ ಯಾರನ್ನೂ ಪಾರುಮಾಡುವ ಉದ್ದೇಶವಿಲ್ಲ. ದಾನ ಕೊಡುವಾಗ ಹೆಸರನ್ನು ತನಗಾಗಿ ಇಟ್ಟುಕೊಳ್ಳುವವನು ಯಾರೇ ಆಗಲಿ, ಈ ಕಥೆ ಅವನ ಕೈಹಿಡಿದು ಕೇಳುತ್ತದೆ.

ಭಾಗವತದ ನಾಲ್ಕನೆಯ ಸ್ಕಂಧದ ಪುರಂಜನೋಪಾಖ್ಯಾನವೂ ಇದೇ ಜಾತಿಯದು. ಒಂಬತ್ತು ಬಾಗಿಲಿನ ಪಟ್ಟಣ, ಅದರ ರಾಜ ಪುರಂಜನ, ಅವನು ಮರುಳಾದ ಸುಂದರಿ, ಐದು ಹೆಡೆಯ ಸರ್ಪದ ಕಾವಲು, ಪಟ್ಟಣವನ್ನು ಮುತ್ತುವ 360 ಗಂಧರ್ವರು ಮತ್ತು ಅಷ್ಟೇ ಮಂದಿ ಗಂಧರ್ವಿಯರು. ಕಥೆಯನ್ನು ಹೇಳಿದ ನಾರದರೇ ಅರ್ಥವನ್ನೂ ಬಿಡಿಸುತ್ತಾರೆ: ಪಟ್ಟಣ ದೇಹ, ರಾಜ ಜೀವ, ಸುಂದರಿ ಬುದ್ಧಿ, ಸರ್ಪ ಪ್ರಾಣ, ಗಂಧರ್ವ-ಗಂಧರ್ವಿಯರು ವರ್ಷದ ಹಗಲು ರಾತ್ರಿಗಳು. ರಾಜ ಮರೆತೇಬಿಟ್ಟ ಹಳೆಯ ಗೆಳೆಯನೊಬ್ಬನಿದ್ದಾನೆ, ಅವನು ಭಗವಂತ. ಇಲ್ಲಿ ನನಗೆ ಮುಖ್ಯವೆನಿಸುವುದು ಈ ಸಮೀಕರಣಗಳಲ್ಲ, ಕೇಳುಗ ಯಾರೆಂಬುದು. ಪ್ರಾಚೀನಬರ್ಹಿ ಎಂಬ ಆ ಅರಸು ಯಜ್ಞದ ಮೇಲೆ ಯಜ್ಞ ಮಾಡಿ, ಪಶುಗಳನ್ನು ಕೊಂದು, ತಾನು ಮಹಾ ಧಾರ್ಮಿಕನೆಂದು ನಂಬಿಕೊಂಡವನು. ಅವನಿಗೆ ನೇರವಾಗಿ ಹೇಳಿದರೆ ನಾಟುವುದಿಲ್ಲವೆಂದು ನಾರದರು ಬೇರೊಬ್ಬ ರಾಜನ ಕಥೆ ಹೇಳಿದರು. ರೋಗಿಯನ್ನು ನೋಡಿ ಕೊಟ್ಟ ಮದ್ದು ಅದು.

ಈಗ ನಮ್ಮ ಸೀಮೆಗೆ ಬರೋಣ.

13ನೆಯ ಶತಮಾನದಲ್ಲಿ ಕುಂಬಳೆಯನ್ನು ಆಳುತ್ತಿದ್ದ ಜಯಸಿಂಹನೆಂಬ ಅರಸು ಮಧ್ವಾಚಾರ್ಯರನ್ನು ಆದರಿಸಿದ ಸಂಗತಿ ಸುಮಧ್ವವಿಜಯದಲ್ಲಿ ಬರುತ್ತದೆ. ಆಗ ಈ ಸೀಮೆಯಲ್ಲಿ ತ್ರಿವಿಕ್ರಮ ಪಂಡಿತನೆಂಬ ದೊಡ್ಡ ವಿದ್ವಾಂಸನಿದ್ದ. ಕವಿ, ಅದ್ವೈತದಲ್ಲಿ ನುರಿತವನು. ಆಚಾರ್ಯರಿಗೂ ಅವನಿಗೂ ಬ್ರಹ್ಮಸೂತ್ರಭಾಷ್ಯದ ಮೇಲೆ ಹದಿನೈದು ದಿನ ವಾದ ನಡೆಯಿತೆಂದು ಸಂಪ್ರದಾಯ ಹೇಳುತ್ತದೆ. ಕೊನೆಗೆ ತ್ರಿವಿಕ್ರಮ ಪಂಡಿತನು ಶಿಷ್ಯತ್ವವನ್ನು ಸ್ವೀಕರಿಸಿ, ಆ ಭಾಷ್ಯಕ್ಕೆ ತತ್ತ್ವಪ್ರದೀಪವೆಂಬ ಟೀಕೆಯನ್ನು ಬರೆದ. ಸುಮಧ್ವವಿಜಯವನ್ನು ಬರೆದ ನಾರಾಯಣ ಪಂಡಿತನು ಅವನ ಮಗ. ಭಾರತೀಯ ದರ್ಶನದ ಚರಿತ್ರೆಯಲ್ಲಿ ಇಷ್ಟು ದೊಡ್ಡ ಘಟನೆಯೊಂದು ನಮ್ಮ ಗದ್ದೆ ತೋಟಗಳ ನಡುವೆ ನಡೆದಿತ್ತೆಂಬುದನ್ನು ಶಾಲೆಯ ಯಾವ ಪಾಠವೂ ನನಗೆ ಹೇಳಲಿಲ್ಲ. ಹಿರಿಯರ ಬಾಯಿಂದ ಕೇಳಿ ತಿಳಿದದ್ದು.

ವಾದದ ತಿರುಳು, ನಾವು ಕಾಣುವ ಜಗತ್ತು ಸತ್ಯವೋ ಅಲ್ಲ ತೋರಿಕೆಯೋ ಎಂಬುದು. ಕಥೆಯನ್ನು ಹೇಗೆ ಓದಬೇಕೆಂಬ ಪ್ರಶ್ನೆಗೂ ಇದಕ್ಕೂ ಹತ್ತಿರದ ಸಂಬಂಧವಿದೆ. ಜಗತ್ತು ಸತ್ಯವೆಂದಾದರೆ ಕಥೆಯೂ ಸತ್ಯ. ಒಳಗಿನ ಅರ್ಥ ಅದಕ್ಕೆ ಕೂಡುವುದೇ ಹೊರತು ಅದನ್ನು ಅಳಿಸುವುದಿಲ್ಲ. ಜಗತ್ತು ತೋರಿಕೆಯೆಂದಾದರೆ ಕಥೆ ಒಂದು ಏಣಿ. ಮಾಳಿಗೆ ಏರಿದವನು ಏಣಿಯನ್ನು ಹೊತ್ತು ತಿರುಗಬೇಕಾಗಿಲ್ಲ.

ಮಧ್ವಾಚಾರ್ಯರು ಮೊದಲನೆಯ ದಾರಿ ಹಿಡಿದವರು. ಅವರ ಮಹಾಭಾರತ ತಾತ್ಪರ್ಯ ನಿರ್ಣಯದಲ್ಲಿ 32 ಅಧ್ಯಾಯಗಳಿವೆ. ಅದರ ಎರಡನೆಯ ಅಧ್ಯಾಯದಲ್ಲಿ ಅವರೊಂದು ಅಪೂರ್ವವಾದ ಮಾತು ಹೇಳುತ್ತಾರೆ. ಭಾರತವನ್ನು ಕೆಲವರು ಮನುವಿನಿಂದ ಆರಂಭಿಸುತ್ತಾರೆ, ಕೆಲವರು ಆಸ್ತೀಕನಿಂದ, ಇನ್ನು ಕೆಲವರು ಉಪರಿಚರ ವಸುವಿನಿಂದ ಎಂಬ ಮಾತು ಭಾರತದಲ್ಲಿಯೇ ಇದೆ. ಇದು ಬರಿಯ ಆರಂಭದ ವಿಚಾರವಲ್ಲ, ಓದುವ ಮೂರು ಕ್ರಮಗಳ ಸೂಚನೆ ಎಂದು ಆಚಾರ್ಯರ ಅಭಿಪ್ರಾಯ. ಕೃಷ್ಣ, ಪಾಂಡವರು, ಯುದ್ಧ ಎಂದು ನಡೆದ ಚರಿತ್ರೆಯಾಗಿ ಓದುವುದು ಒಂದು. ಧರ್ಮ, ಭಕ್ತಿ ಮೊದಲಾದ ಗುಣಗಳ ಕಥೆಯಾಗಿ ಓದುವುದು ಇನ್ನೊಂದು. ಒಂದೊಂದು ಪದವೂ ವಿಷ್ಣುವನ್ನೇ ಹೇಳುತ್ತದೆಂದು ತಿಳಿಯುವುದು ಮೂರನೆಯದು. ಮೂರೂ ಒಟ್ಟಿಗೆ ನಿಲ್ಲುತ್ತವೆ, ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕಾಗಿಲ್ಲ. ಈ ಮೂರು ನೆಲೆಗಳ ವಿಚಾರ ಎಷ್ಟು ದೂರ ಹೋಯಿತೆಂದರೆ, ಪುಣೆಯ ಭಂಡಾರ್ಕರ್ ಸಂಸ್ಥೆಯಲ್ಲಿ ಭಾರತದ ಸಂಶೋಧಿತ ಪಾಠವನ್ನು ಸಿದ್ಧಪಡಿಸಿದ ವಿ. ಎಸ್. ಸುಕ್ತಂಕರ್ ಅವರು 1942ರಲ್ಲಿ ಭಾರತದ ಅರ್ಥವನ್ನು ಕುರಿತು ಬರೆದ ಉಪನ್ಯಾಸಗಳಲ್ಲಿಯೂ ಇದಕ್ಕೆ ಸ್ಥಾನ ಸಿಕ್ಕಿತು.

ಎರಡನೆಯ ಕ್ರಮವನ್ನು ಆಚಾರ್ಯರು ವಿವರಿಸಿದ ಬಗೆಯನ್ನು ನೋಡಿ. ಭೀಮನಲ್ಲಿ ಭಕ್ತಿ, ಜ್ಞಾನ, ವೈರಾಗ್ಯ, ಪ್ರಜ್ಞೆ, ಮೇಧೆ, ಧೃತಿ, ಸ್ಥಿತಿ, ಯೋಗ, ಪ್ರಾಣ, ಬಲ ಎಂಬ ಹತ್ತೂ ಇವೆ, ಯಾಕೆಂದರೆ ಅವನು ವಾಯು. ದ್ರೌಪದಿ ವಿದ್ಯೆ. ದುರ್ಯೋಧನ ಅಜ್ಞಾನ. ದುಃಶಾಸನ ವಿಪರೀತ ಜ್ಞಾನ. ಶಕುನಿ ನಾಸ್ತಿಕ್ಯ. ಅಶ್ವತ್ಥಾಮ ಅಹಂಕಾರ. ದ್ರೋಣ ಮೊದಲಾದವರು ಇಂದ್ರಿಯಗಳು. ಆ ಕಡೆಯ ಸೈನಿಕರು ಪಾಪಗಳು, ಈ ಕಡೆಯವರು ಪುಣ್ಯಗಳು, ಇವರನ್ನು ನಡೆಸುವವನು ವಿಷ್ಣು.

ಇದೂ ಒಂದು ಪಟ್ಟಿಯೇ ಅಲ್ಲವೇ, ಕರಪತ್ರದ ಪಟ್ಟಿಗಿಂತ ಯಾವುದರಲ್ಲಿ ಹೆಚ್ಚು ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ನನ್ನ ಉತ್ತರವಿದು: ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ಮತ್ತೆ ಕಥೆಯೊಳಗೆ ಹೋದರೆ ಕಥೆ ಮಾತಾಡುತ್ತದೆ. ಅಜ್ಞಾನವಾದ ದುರ್ಯೋಧನ ಸಭೆಯಲ್ಲಿ ಕುಳಿತೇ ಇರುತ್ತಾನೆ. ಎದ್ದುಹೋಗಿ ವಿದ್ಯೆಯ ಸೀರೆಗೆ ಕೈಹಾಕುವವನು ವಿಪರೀತ ಜ್ಞಾನವಾದ ದುಃಶಾಸನ. ಏನೂ ತಿಳಿಯದವನಿಂದ ವಿದ್ಯೆಗೆ ಅಪಮಾನವಾಗುವುದು ಕಡಿಮೆ, ತಪ್ಪಾಗಿ ತಿಳಿದು ಅದರಲ್ಲಿಯೇ ಹಟ ಹಿಡಿದವನಿಂದ ಹೆಚ್ಚು. ಇನ್ನು ಭೀಮನ ಕಡೆಗೆ ನೋಡಿದರೆ, ಅವನು ವಾಯು, ಮುಖ್ಯಪ್ರಾಣ. ಉಪನಿಷತ್ತಿನಲ್ಲಿ ತನಗಾಗಿ ಏನನ್ನೂ ಇಟ್ಟುಕೊಳ್ಳದೆ ಹಾಡಿದವನೇ ಇಲ್ಲಿ ಗದೆ ಹಿಡಿದಿದ್ದಾನೆ. ನಮ್ಮ ಊರುಗಳಲ್ಲಿ ಹನುಮಂತನನ್ನು ಇಂದಿಗೂ ಮುಖ್ಯಪ್ರಾಣನೆಂದೇ ಕರೆಯುತ್ತೇವೆ. ಆ ಹೆಸರಿನ ಹಿಂದೆ ಇಷ್ಟು ಉದ್ದದ ದಾರಿಯಿದೆ.

ದ್ರೋಣನು ಇಂದ್ರಿಯವೆಂಬುದು ಮೊದಲು ನನಗೆ ಒಗಟಾಗಿತ್ತು. ಗುರುವನ್ನು ಹಾಗೆ ಹೇಳುವುದುಂಟೇ? ಯೋಚಿಸಿದ ಹಾಗೆ ಸರಿಯೆನಿಸಿತು. ಇಂದ್ರಿಯಗಳೇ ನಮ್ಮ ಮೊದಲ ಗುರುಗಳು. ಬಿಸಿ-ತಣ್ಣಗೆ, ಸಿಹಿ-ಕಹಿ, ಎಲ್ಲವನ್ನೂ ಕಲಿಸಿದವು. ಆದರೆ ಅವು ಉಪ್ಪು ತಿನ್ನುವುದು ಕುರುಡು ದೊರೆಯ ಮನೆಯಲ್ಲಿ. ಒಂದು ದಿನ ಅವುಗಳೆದುರು ನಿಲ್ಲಲೇಬೇಕಾಗುತ್ತದೆ. ವಿರಾಟಪರ್ವದಲ್ಲಿ ಅರ್ಜುನನು ದ್ರೋಣನ ಕಾಲ ಬುಡಕ್ಕೆ ಮೊದಲು ಬಾಣಗಳನ್ನು ಬಿಟ್ಟು ವಂದಿಸಿ, ಬಳಿಕ ಯುದ್ಧಕ್ಕೆ ತೊಡಗುತ್ತಾನೆ. ದೇಹವನ್ನು ದಂಡಿಸುವುದೇ ಸಾಧನೆಯೆಂದು ತಿಳಿದವರು ನೋಡಬೇಕಾದ ಜಾಗವಿದು. ಅಶ್ವತ್ಥಾಮನ ವಿಚಾರ ಇನ್ನೂ ಸೂಕ್ಷ್ಮ. ಯುದ್ಧ ಮುಗಿಯಿತು, ಗೆದ್ದೆವು ಎಂದು ಪಾಳೆಯ ಮಲಗಿದ ರಾತ್ರಿಯಲ್ಲಿ ಅವನು ಬರುತ್ತಾನೆ. ಅಹಂಕಾರ ಬರುವುದು ಆಗಲೇ, ವ್ರತ ಮುಗಿದ ರಾತ್ರಿ, ಜಪ ಒಂದು ಲಕ್ಷ ತುಂಬಿದ ರಾತ್ರಿ. ಅವನನ್ನು ಕೊಲ್ಲಲಾಗುವುದಿಲ್ಲ, ತಲೆಯ ಮಣಿಯನ್ನು ಮಾತ್ರ ಕಿತ್ತುಕೊಂಡು ಬಿಟ್ಟುಬಿಡುತ್ತಾರೆ. ಇಷ್ಟು ವಿಸ್ತಾರವಾಗಿ ಆಚಾರ್ಯರು ಹೇಳಿಲ್ಲ, ಇದು ನಾನು ಎಳೆದ ಗೆರೆ. ಆದರೆ ಗೆರೆ ಎಳೆಯಲು ಬೇಕಾದ ಚುಕ್ಕಿಗಳನ್ನು ಇಟ್ಟವರು ಅವರು. ಕಥೆ ಪೂರ್ತಿ ಉಳಿದುಕೊಂಡದ್ದರಿಂದಲೇ ಇದು ಸಾಧ್ಯವಾಯಿತು. ಕುಮಾರಿಲನ ಸೂರ್ಯನನ್ನು ಹಿಡಿದುಕೊಂಡು ಅಹಲ್ಯೆಯ ಕಥೆಯೊಳಗೆ ಮತ್ತೆ ಹೋಗಲಾಗುವುದಿಲ್ಲ.

ಎರಡನೆಯ ದಾರಿ, ಏಣಿಯ ದಾರಿ, ನಮಗೆ ಮಲಯಾಳದ ಮೂಲಕ ಚಿರಪರಿಚಿತ. ಆಟಿ ತಿಂಗಳು ಹುಟ್ಟಿದ ದಿನವೇ ಕರ್ಕಾಟಕ ಮಾಸವೂ ಹುಟ್ಟುತ್ತದೆ. ನೆರೆಮನೆಯ ಚಾವಡಿಯಲ್ಲಿ ದೀಪ ಹಚ್ಚಿ ಎಳುತ್ತಚ್ಛನ್ ಅವರ ಅಧ್ಯಾತ್ಮ ರಾಮಾಯಣಂ ಕಿಳಿಪ್ಪಾಟ್ಟನ್ನು ಓದುವ ಧ್ವನಿ ಮಳೆಯ ಸದ್ದಿನ ನಡುವೆ ಕೇಳಿಸುತ್ತದೆ. ಗಿಳಿ ಹೇಳುವ ಕಥೆಯಾದ್ದರಿಂದ ಕಿಳಿಪ್ಪಾಟ್ಟು. ಅದರ ಮೂಲ, ಬ್ರಹ್ಮಾಂಡಪುರಾಣದ ಭಾಗವೆಂದು ಹೇಳಲಾಗುವ ಸಂಸ್ಕೃತದ ಅಧ್ಯಾತ್ಮ ರಾಮಾಯಣ. ಶಿವನು ಪಾರ್ವತಿಗೆ ಹೇಳಿದ್ದು. ಅಲ್ಲಿ ಬಾಲಕಾಂಡದಲ್ಲಿಯೇ ಸೀತೆ ಹನುಮಂತನಿಗೆ ಗುಟ್ಟನ್ನು ಹೇಳಿಬಿಡುತ್ತಾಳೆ: ರಾಮ ನಿರ್ವಿಕಾರ ಪರಬ್ರಹ್ಮ, ತಾನು ಮೂಲಪ್ರಕೃತಿ, ಬಿಲ್ಲು ಮುರಿದದ್ದರಿಂದ ರಾವಣನನ್ನು ಕೊಂದದ್ದರ ತನಕ ಎಲ್ಲವನ್ನೂ ಮಾಡಿದವಳು ತಾನೇ, ಅಜ್ಞರು ಅದನ್ನು ರಾಮನ ಮೇಲೆ ಆರೋಪಿಸುತ್ತಾರೆ. ಕಥೆ ಶುರುವಾಗುವ ಮೊದಲೇ ಕಥೆಯ ಪರದೆ ಸರಿದುಹೋಗುತ್ತದೆ.

ಹಾಗಾದರೆ ಇದರಲ್ಲಿ ಸಾಧಕನಿಗೇನು? ಇದೆ, ಬೇಕಾದಷ್ಟಿದೆ. ಪಟ್ಟಾಭಿಷೇಕ ತಪ್ಪಿದಾಗ ಸಿಟ್ಟಿನಿಂದ ಉರಿಯುವ ಲಕ್ಷ್ಮಣನಿಗೆ ರಾಮ ಹೇಳುವ ಉಪದೇಶವನ್ನು ಮಲಯಾಳದ ಮನೆಗಳಲ್ಲಿ ಎಷ್ಟೋ ಜನ ಬಾಯಿಪಾಠ ಹೇಳಬಲ್ಲರು. ಆಸ್ತಿಯ ಪಾಲಾಗುವ ಮನೆಗಳಲ್ಲಿ, ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳಲ್ಲಿ ಆ ಭಾಗವನ್ನು ಓದುವಾಗ ಧ್ವನಿ ನಿಧಾನವಾಗುವುದನ್ನು ನಾನು ಗಮನಿಸಿದ್ದೇನೆ. ಮಾಡುವವನು ನಾನಲ್ಲ ಎಂಬ ಸೀತೆಯ ಮಾತು ಕೂಡ ಸಿಟ್ಟಿನ ಆ ಗಳಿಗೆಯಲ್ಲಿ ಕೆಲಸಕ್ಕೆ ಬರುವ ಮಾತೇ. ತತ್ತ್ವದಲ್ಲಿ ಮಧ್ವರಿಗೂ ಇದಕ್ಕೂ ಹೊಂದುವುದಿಲ್ಲ, ನಿಜ. ಆದರೆ ರಾವಣನು ಒಯ್ದದ್ದು ನಿಜವಾದ ಸೀತೆಯನ್ನಲ್ಲ, ಅವಳ ಪ್ರತಿಕೃತಿಯನ್ನು ಎಂಬುದು ಅಧ್ಯಾತ್ಮ ರಾಮಾಯಣದಲ್ಲಿಯೂ ಇದೆ, ತಾತ್ಪರ್ಯ ನಿರ್ಣಯದಲ್ಲಿಯೂ ಇದೆ. ವಕೀಲ ಎರಡೂ ಮನೆಗಳಿಗೆ ಒಂದೇ ಬಾಗಿಲಿನಿಂದ ಬಂದುಹೋದಂತಿದೆ.

ಕನ್ನಡದಲ್ಲಿ ನಡೆದ ಇನ್ನೊಂದು ಬದಲಾವಣೆಯನ್ನು ಇಲ್ಲಿ ಮುಟ್ಟಿ ಹೋಗಬೇಕು. ಸುಮಾರು 1200ರ ಹರಿಹರನ ರಗಳೆಯಲ್ಲಿ ಅಲ್ಲಮನು ಕಮಲತೆಯನ್ನು ಪ್ರೀತಿಸಿ, ಅವಳು ಜ್ವರದಿಂದ ತೀರಿಕೊಂಡಾಗ ಹುಚ್ಚನಂತೆ ಅಲೆದು, ಆ ದುಃಖದ ಕೊನೆಯಲ್ಲಿ ಗುರುವನ್ನು ಕಂಡ ಮನುಷ್ಯ. 15ನೆಯ ಶತಮಾನದ ಚಾಮರಸನ ಪ್ರಭುಲಿಂಗಲೀಲೆಗೆ ಬರುವಾಗ ಅವನ ತಂದೆತಾಯಿ ನಿರಹಂಕಾರ ಮತ್ತು ಸುಜ್ಞಾನಿ. ಎದುರಿನವಳು ಮಾಯೆ, ಮಮಕಾರ ರಾಜನ ಮಗಳು. ಚಾಮರಸನ ಕಾವ್ಯ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೂ ಹೆಂಡತಿಯನ್ನೋ ಮಗನನ್ನೋ ಕಳೆದುಕೊಂಡವನು ಬಂದು ಕೇಳಿದರೆ ನಾನು ಅವನ ಕೈಗೆ ಹರಿಹರನನ್ನೇ ಕೊಡುತ್ತೇನೆ. ಹೆಸರುಗಳೇ ಅರ್ಥವಾಗಿಬಿಟ್ಟಲ್ಲಿ ಕೇಳುಗನಿಗೆ ಒಳಹೋಗಲು ಸಂದಿ ಉಳಿಯುವುದಿಲ್ಲ.

ಹೆಸರುಗಳೇ ಅರ್ಥವಾದರೂ ಕೆಲವೆಡೆ ಅದು ಫಲಿಸುತ್ತದೆ ಎಂಬುದಕ್ಕೆ ಮುದ್ಗಲ ಪುರಾಣವಿದೆ. ಮಧೂರಿನ ಗಣಪತಿಗೆ ಅಪ್ಪಸೇವೆ ಸಲ್ಲಿಸುವ ನಮ್ಮವರಿಗೆ ಇದು ಗೊತ್ತಿದ್ದರೆ ಒಳ್ಳೆಯದು. ಅದರಲ್ಲಿ ಗಣಪತಿಗೆ ಎಂಟು ಅವತಾರಗಳು, ಎದುರಿಗೆ ಎಂಟು ಅಸುರರು: ಮತ್ಸರ, ಮದ, ಮೋಹ, ಲೋಭ, ಕ್ರೋಧ, ಕಾಮ, ಮಮತೆ, ಅಹಂಕಾರ. ಇವರಲ್ಲಿ ಹೆಚ್ಚಿನವರು ಸಾಯುವುದಿಲ್ಲ, ಶರಣಾಗುತ್ತಾರೆ. ಕ್ರೋಧವನ್ನು ಕೊಂದೆನೆಂದು ಹೇಳುವವನಿಗಿಂತ, ಅದು ಹೇಳಿದಲ್ಲಿ ಕುಳಿತುಕೊಳ್ಳುವಂತೆ ಮಾಡಿದವನನ್ನು ನಂಬಬಹುದು.

ನಮ್ಮ ಕಾಲದ ಹತ್ತಿರಕ್ಕೆ ಬಂದರೆ, ಗಾಂಧೀಜಿಯವರು 1929ರಲ್ಲಿ ಅನಾಸಕ್ತಿಯೋಗದ ಮುನ್ನುಡಿಯಲ್ಲಿ, ಗೀತೆಯ ಯುದ್ಧ ಮನುಷ್ಯನ ಹೃದಯದಲ್ಲಿ ನಡೆಯುವುದೆಂದು 1888-89ರಲ್ಲಿ ಮೊದಲು ಓದಿದಾಗಲೇ ತನಗೆ ತೋರಿತ್ತೆಂದು ಬರೆದರು. ಶ್ರೀ ಅರವಿಂದರು ಗೀತೆಯ ಪ್ರಬಂಧಗಳಲ್ಲಿ ಇಂತಹ ಓದನ್ನು ಒಪ್ಪಲಿಲ್ಲ; ಅರ್ಜುನನೆದುರು ಇದ್ದದ್ದು ನಿಜವಾದ ಯುದ್ಧ, ನಿಜವಾದ ಕರ್ತವ್ಯ, ಅದನ್ನು ಒಳಗಿನ ರೂಪಕವಾಗಿಸಿದರೆ ಪ್ರಶ್ನೆಯ ಕಾಠಿಣ್ಯವೇ ಹೋಗುತ್ತದೆ ಎಂಬುದು ಅವರ ನಿಲುವು. ಇಬ್ಬರೂ ಒಂದೊಂದು ತುದಿಯಲ್ಲಿ ಹಿಡಿದ ಹಗ್ಗವನ್ನು ತಾತ್ಪರ್ಯ ನಿರ್ಣಯ ಆರೇಳು ಶತಮಾನಗಳ ಹಿಂದೆಯೇ ನಡುವಿನಲ್ಲಿ ಹಿಡಿದಿತ್ತು.

ಶಾಸ್ತ್ರಗ್ರಂಥ ಓದದ ಸಾಮಾನ್ಯರಿಗೆ ಇದೆಲ್ಲ ತಲುಪಿದ್ದು ಹೇಗೆ? ನಮ್ಮಲ್ಲಿ ಉತ್ತರ ಒಂದೇ: ತಾಳಮದ್ದಳೆ. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳ ಪದಗಳನ್ನು ಭಾಗವತರು ಹಾಡುತ್ತಾರೆ, ವೇಷವಿಲ್ಲ, ಕುಣಿತವಿಲ್ಲ, ಅಂಗಿ ಪಂಚೆಯಲ್ಲಿ ಕುಳಿತ ಅರ್ಥಧಾರಿಗಳು ಬರೆದಿಟ್ಟ ಮಾತಿಲ್ಲದೆ ಅರ್ಥ ಹೇಳುತ್ತಾರೆ. ಆ ಕೆಲಸದ ಹೆಸರೇ ಅರ್ಥ ಹೇಳುವುದು. ಇದೇ ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರಂತಹವರು (1918-2006) ಅದನ್ನು ಎಲ್ಲಿಗೆ ಮುಟ್ಟಿಸಿದರೆಂಬುದನ್ನು ಕೇಳಿದವರು ಬಲ್ಲರು. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುತ್ತಾನೆ. ಇಂದು ವಾಲಿಯಾಗಿ ಪ್ರಶ್ನೆ ಕೇಳಿದವನು ಮುಂದಿನ ವಾರ ಇನ್ನೊಂದು ಊರಿನ ಕೂಟದಲ್ಲಿ ರಾಮನಾಗಿ ಅದೇ ಪ್ರಶ್ನೆಗೆ ಉತ್ತರ ಕೊಡಬೇಕು. ಪಟ್ಟಿಗಳಲ್ಲಿ ಓದುಗ ಯಾವಾಗಲೂ ಪಾಂಡವರ ಕಡೆಯವನೇ. ಇಲ್ಲಿ ಆ ಸೌಕರ್ಯವಿಲ್ಲ. ದುರ್ಯೋಧನನ ಅರ್ಥ ಹೇಳುವವನು ಅಜ್ಞಾನದ ಒಳಗೆ ಕುಳಿತು, ಅದಕ್ಕೆ ತನ್ನ ಮಟ್ಟಿಗೆ ಎಷ್ಟು ಸರಿಯಾದ ಕಾರಣಗಳಿವೆಯೆಂದು ಇಡೀ ರಾತ್ರಿ ವಾದಿಸುತ್ತಾನೆ. ಕೇಳುತ್ತ ಕುಳಿತ ನಮಗೆ ನಡುರಾತ್ರಿ ಕಳೆದ ಮೇಲೆ, ಹೌದಲ್ಲ, ಇದೇ ಮಾತನ್ನು ನಾನು ಕಳೆದ ವಾರ ಮನೆಯಲ್ಲಿ ಆಡಿದ್ದೆ ಎಂದು ಹೊಳೆಯುತ್ತದೆ. ವೈದ್ಯನ ಕೈ ನಾಡಿಗೆ ತಾಗುವುದು ಆ ಹೊತ್ತಿಗೆ.

ಶಾಲೆಯಲ್ಲಿ ಮಲಯಾಳ ಓದುವ ನಮ್ಮ ಮೊಮ್ಮಕ್ಕಳು ಕಿಳಿಪ್ಪಾಟ್ಟನ್ನು ಸರಾಗವಾಗಿ ಓದುತ್ತಾರೆ. ಅದಕ್ಕಾಗಿ ನನಗೆ ಸಂತೋಷವೇ. ತೊರವೆ ರಾಮಾಯಣವನ್ನು ಕೊಟ್ಟರೆ ಎರಡು ಸಾಲಿಗೆ ತಡವರಿಸುತ್ತಾರೆ. ತಾಳಮದ್ದಳೆಗೆ ಕರೆದರೆ, ಭಾಷೆ ಗೊತ್ತಾಗುವುದಿಲ್ಲವೆಂದು ಅರ್ಧದಲ್ಲಿಯೇ ಎದ್ದುಹೋಗುತ್ತಾರೆ. ಗಡಿನಾಡಿನ ಹಲವು ಮನೆಗಳ ಕಪಾಟುಗಳಲ್ಲಿ ಹಳೆಯ ಕೂಟಗಳ ಧ್ವನಿಸುರುಳಿಗಳು ಇನ್ನೂ ಇವೆ, ಕೆಲವಕ್ಕೆ ಬೂಷ್ಟು ಹಿಡಿದಿದೆ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಿಲ್ಲಿಸಿ ನಿಲ್ಲಿಸಿ, ಗೊತ್ತಾಗದ ಮಾತನ್ನು ಬೇಕಿದ್ದರೆ ಮಲಯಾಳದಲ್ಲಿಯೇ ವಿವರಿಸುತ್ತ ಅವುಗಳನ್ನು ಕೇಳಿಸಬಹುದು. ಈ ಆಟಿಯಲ್ಲಿ ನಮ್ಮ ಮನೆಯಲ್ಲಿ ವಾಲಿವಧೆಯ ಸುರುಳಿಯಿಂದ ಸುರುಮಾಡಿದ್ದೇವೆ. ವಾಲಿ ಕೇಳಿದ ಮೊದಲನೆಯ ಪ್ರಶ್ನೆಗೇ ಯಂತ್ರವನ್ನು ನಿಲ್ಲಿಸಬೇಕಾಯಿತು. ರಾಮನ ಉತ್ತರ ಬರುವುದಕ್ಕೆ ಮೊದಲೇ ಹುಡುಗಿಯೊಬ್ಬಳು ತನ್ನ ಉತ್ತರವನ್ನು ಹೇಳಹೊರಟಿದ್ದಳು.